ತಲೆಯೊಳಗಿನ ನೀರುಗುಳ್ಳೆ

ಹಾಲ್ಕುರಿಕೆ ಕಡೆಯ ತೆಂಗಿನ ತೋಟದ ಮನೆಗೆ ಸೊಸೆಯಾಗಿ ಹೋದ ಮೂರನೇ ವರ್ಷ ನನಗೆ ಫಿಟ್ಸ್ ಶುರುವಾಯಿತು. ಎಂಬತ್ತರ ದಶಕದ ಮಾತು. ಬಿದ್ದಾಗಲೆಲ್ಲ ಅತ್ತೆ ಓಡಿಬಂದು ಅಂಗೈಗೆ ಬೀಗದ ಕೈ ತುರುಕುತ್ತಿದ್ದರು. ತಲೆನೋವು ಬಂದರೆ ಕಣ್ಣು ಮಂಜಾಗಿ ವಾಂತಿಯಾಗುತ್ತಿತ್ತು. ಕೊನೆಗೆ ಯಜಮಾನರು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದರು.

ಸ್ಕ್ಯಾನ್ ನೋಡಿದ ಡಾಕ್ಟರು, "ಮೆದುಳಲ್ಲಿ ಗುಳ್ಳೆ ಇದೆ. ಹಂದಿ ಲಾಡಿಹುಳುದು. ತಲೆ ತೆರೆದು ಆಪರೇಷನ್ ಮಾಡ್ಬೇಕು" ಎಂದರು.

ಯಜಮಾನರು ನನ್ನ ಕಡೆ ತಿರುಗಿ, "ಎಲ್ಲೇ ತಿಂದೆ?" ಎಂದರು.

ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು, ಮೊಟ್ಟೆ ಕೂಡ ಮುಟ್ಟಿದವಳಲ್ಲ. ಮೈಯೆಲ್ಲ ಉರಿದುಹೋಯಿತು. ಪುಣ್ಯಕ್ಕೆ ಡಾಕ್ಟರೇ ಬಿಡಿಸಿ ಹೇಳಿದರು: "ಮಾಂಸ ತಿಂದೇ ಬರ್ಬೇಕು ಅಂತಿಲ್ಲ ಕಣ್ರೀ. ಹೊಟ್ಟೇಲಿ ಹುಳ ಇರೋರು ಬಯಲಿಗೆ ಹೋದ್ರೆ ಅದರ ಮೊಟ್ಟೆ ಮಣ್ಣು, ನೀರು ಸೇರ್ತವೆ. ಆ ನೀರಲ್ಲಿ ಬೆಳೆದ ಸೊಪ್ಪು, ಮೂಲಂಗಿ ಸರಿಯಾಗಿ ತೊಳೀದೆ ಹಸಿಯಾಗಿ ತಿಂದ್ರೆ ಸಾಕು." ಯಜಮಾನರು ಎಲ್ಲ ಕೇಳಿ ತಲೆಯಾಡಿಸಿದರು. ಹಿತ್ತಿಲ ಕಾಲುವೆಯ ನೀರಿಗೆ ನಾವೇ ಬೆಳೆದ ಮೂಲಂಗಿ ನನಗೆ ನೆನಪಾಯಿತು.

ತಲೆ ಬೋಳಿಸಿದರು, ಆಪರೇಷನ್ ಆಯಿತು. ತೆಗೆದ ಗುಳ್ಳೆಯನ್ನು ಶೀಶೆಯಲ್ಲಿ ಹಾಕಿ ತೋರಿಸಿದರು. ಒಳಗೊಂದು ಬಿಳಿ ಚುಕ್ಕಿ, ಬೆಂದ ಸಬ್ಬಕ್ಕಿಯ ಹಾಗೆ. ಇಷ್ಟಕ್ಕೇ ನಾನು ಸಾಯಬೇಕಿತ್ತೇ ಎಂದು ಅತ್ತುಬಿಟ್ಟೆ.

ಊರಿಗೆ ಬಂದರೆ ನನ್ನ ತಟ್ಟೆ, ಲೋಟ ಜಗಲಿಯ ಮೂಲೆಗೆ ಬಂದಿದ್ದವು. ಯಜಮಾನರು ನಡುವೆ ಒಮ್ಮೆ ಊರಿಗೆ ಬಂದಾಗ ಹಂದಿಹುಳು ಎಂದಷ್ಟೇ ಹೇಳಿ ಹೋಗಿದ್ದರಂತೆ. ಅಡುಗೆಮನೆ ಹೊಸಿಲು ದಾಟುವಂತಿರಲಿಲ್ಲ. ನೆರೆಯ ಹೆಂಗಸರು ದೂರದಿಂದಲೇ ನೋಡಿ ಹೋಗುತ್ತಿದ್ದರು. ಜಗಲಿಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದೆ.

"ಡಾಕ್ಟರು ಹೇಳಿದ್ದನ್ನ ಅತ್ತೆಗೆ ಯಾಕೆ ಹೇಳಲಿಲ್ಲ?" ಎಂದು ಯಜಮಾನರನ್ನು ಕೇಳಿದೆ.

"ಹೇಳಿದ್ರೆ ನಮ್ಮ ಹಿತ್ತಿಲೇ ಹೊಲಸು ಅಂದಂಗಾಯ್ತದೆ. ನಾಕು ದಿನ ಹೋದ್ರೆ ಅವರೇ ಮರೀತಾರೆ, ಬುಡು" ಎಂದರು.

ಎಲಾ ಇವನಾ! ನನ್ನ ಮಾನಕ್ಕಿಂತ ಮೂಲಂಗಿಯ ಮಾನ ದೊಡ್ಡದಾಯಿತೇ? ಮಾರನೆಯ ದಿನ ಮನೆಯವರೆಲ್ಲ ಊಟಕ್ಕೆ ಕೂತಾಗ ಬಾಗಿಲಲ್ಲಿ ನಿಂತು ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅತ್ತೆ ಕೇಳಿಸಿಕೊಂಡು, ಮಗನ ಕಡೆ ತಿರುಗಿ, "ತಲೆ ಕುಯ್ಸ್ಕೊಂಡು ಬಂದವ್ಳೆ ಕಣಪ್ಪ, ಏನೇನೋ ಆಡ್ತಾಳೆ" ಎಂದರು.

ಒಂದೇ ಒಂದು ಮಾತು ಆಡಲಿ ಎಂದು ಕಾದೆ. ಯಜಮಾನರು ಸಾರು ಬಡಿಸಲು ಹೇಳಿದರು.