ಆರ್ಡಿಸಳ ಹಸು ದಾಟೋ ಜಾಗ

ಆರ್ಡಿಸ್ ತನ್ನ ಮೈದುನನ ಮೂಗು ಮುರಿದಿದ್ದು ಚರ್ಚಿನ ನೆಲಮಾಳಿಗೇಲಿ, ಊರೋರೆಲ್ಲ ಕಾಫಿ ಕುಡೀತಿದ್ದಾಗ. ಅಯ್ಯೋ, ಅಲ್ಲಿಂದ ಶುರು ಮಾಡಬಾರದು ಕಣಮ್ಮ, ಮೊದಲು ಹಸುಗಳ ವಿಷಯ ಹೇಳ್ತೀನಿ.

ವಿಸ್ಕಾನ್ಸಿನ್ನಿನ ನಮ್ಮ ಕಣಿವೇಲಿ ಹಳೇ ರೈಲುಹಾದಿ ಆರ್ಡಿಸಳ ಜಮೀನನ್ನ ಸೀಳ್ಕೊಂಡು ಹೋಗಿತ್ತು. ಈಚೆ ಕೊಟ್ಟಿಗೆ, ಆಚೆ ಹುಲ್ಲುಗಾವಲು. ಹಳಿ ಕಿತ್ತು ಯಾವ ಕಾಲವಾಯ್ತೋ! ಹಸುಗಳು ದಿನಾ ಅದನ್ನೇ ದಾಟ್ತಿದ್ವು. ಗಂಡ ತೀರ್ಕೊಂಡಮೇಲೂ ಅವಳೊಬ್ಬಳೇ ಹಾಲು ಕರೀತಿದ್ಲು, ಹಸುಗಳ ಒದೆ ತಿಂದು ತಿಂದು ಮೊಣಕಾಲು ಸೊಟ್ಟಗಾಗಿತ್ತು. ಏಲಕ್ಕಿ ಹಾಕಿದ ಬ್ರೆಡ್ಡು ಮಾತ್ರ ಅವಳ ಕೈದೇ ತಿನ್ನಬೇಕು.

ಸರ್ಕಾರದೋರು ಆ ಹಾದೀನ ಸೈಕಲ್ಲು, ಕುದುರೆ, ನಡೆಯೋರು ಎಲ್ಲಾರಿಗೂ ಅಂತ ಮಾಡೋಕೆ ಹೊರಟರು. ಎರಡೂ ಕಡೆ ಬೇಲಿ. ಬೇಲಿ ಬಿದ್ರೆ ಹಸು ದಾಟೋದೆಲ್ಲಿ? ದಾಟದಿದ್ರೆ ಮಾರಬೇಕು, ಅಷ್ಟೇ.

ಜನ ಏನಂತಾರೆ ಕೇಳೋಕೆ ಕರ್ಟಿಸ್ ಅನ್ನೋ ಅಧಿಕಾರಿ ಚರ್ಚಿನ ನೆಲಮಾಳಿಗೇಲಿ ಸಭೆ ಕರೆದು ನಕ್ಷೆ ತಂದ. "ತಕರಾರಿದೆಯಾ?" ಅಂದ. ಯಾರೂ ಉಸಿರೆತ್ತಲಿಲ್ಲ. ಮೌನ ಅಂದ್ರೆ ಒಪ್ಪಿಗೆ ಅಂತಾರಲ್ಲ, ನಾರ್ವೆಯಿಂದ ಬಂದು ನೆಲೆಸಿದ ನಮ್ಮ ಜನಕ್ಕೆ ಅದು ತಲೆಕೆಳಗು. ಮುಖಕ್ಕೆ ಬೇಡ ಅನ್ನೋದು ಒರಟುತನ. ಬಾಯಿ ಮುಚ್ಕೊಂಡು ಕಾಫಿ ಲೋಟ ನೋಡ್ತಾ ಕೂತ್ರೆ ಬೇಡ ಅಂತ. ಆರ್ಡಿಸ್ ಲೋಟ ನೋಡಿದ್ದೂ ನೋಡಿದ್ದೇ! ಕರ್ಟಿಸ್ ಹೊರಗಿನೋನು, ಎಲ್ಲಾರೂ ಒಪ್ಪಿದ್ರು ಅಂತ ಹೊರಟುಹೋದ.

ಆ ಮೌನ ಅಂದ್ರೆ ಬೇಡ ಅಂತ ಮೈದುನ ವರ್ನ್‌ಗೆ ಗೊತ್ತಿತ್ತು. ಅವನದು ಹೆಂಡದಂಗಡಿ, ಸೈಕಲ್ಲಿನೋರು ಬಾಯಾರಿ ಬರ್ತಾರೆ ಅಂತ ಆಸೆ. ಎರಡನೇ ಸಭೆ ದಿನ, ಹಸುಗಳು ಆಚೆ ಮೇಯ್ತಿದ್ದಾಗ ತಾನೇ ಬೇಲಿ ಹಾಕಿಬಿಟ್ಟ. ಮಧ್ಯಾಹ್ನ ಅವು ಕೆಚ್ಚಲು ಬಿಗಿದು ಅರಚ್ತಾ ಬಂದು ತಂತಿಗೆ ನುಗ್ಗಿದ್ವು. ವರ್ನ್ ಕಬ್ಬಿಣದ ಸರಳೆತ್ತಿ ಮುಂದಿನ ಹಸೂಗೆ ಬಾರಿಸಿದ. ಮುಂಗಾಲು ಲಟ್ ಅಂತು.

"ನಿನ್ನ ಕೈ ಸೇದಿಹೋಗ!" ಅಂತ ಆರ್ಡಿಸ್ ಓಡಿಬಂದ್ಲು.

"ಯಾಕತ್ತಿಗೆ ಕಿರುಚ್ತೀಯ? ಸಭೇಲಿ ನಾಲಿಗೆ ಬೆಕ್ಕು ಕಚ್ಕೊಂಡು ಹೋಗಿತ್ತಾ?" ಅಂದು ವ್ಯಾನು ಹತ್ತಿ ಸಭೆಗೆ ಹೋದ.

ಕಾಲು ಮುರಿದ ಹಸು ಮತ್ತೆ ಏಳುತ್ತಾ? ಆರ್ಡಿಸ್ ಬಂದೂಕು ತಂದು, ಅದರ ಕಿವಿ ಸವರಿ, ತಾನೇ ಅದರ ಹಣೆಗೆ ಗುಂಡು ಹೊಡೆದ್ಲು. ರಕ್ತ ಮೆತ್ತಿದ ಬಟ್ಟೇಲೇ ಚರ್ಚಿಗೆ ನಡೆದ್ಲು.

ಅಲ್ಲಿ ವರ್ನ್ ಹೇಳ್ತಿದ್ದ: "ನಮ್ಮತ್ತಿಗೇದೂ ತಕರಾರಿಲ್ಲ ಬಿಡಿ."

ಕಾಫಿ ತುಂಬಿದ ತಪ್ಪಲೆ ಎತ್ತಿ ಬೀಸಿದ್ಲು ನೋಡು! ಮೂಗು ಪುಡಿ. ಅವನು ಬೊಬ್ಬೆ ಹೊಡೀತಾ ಮುಷ್ಟಿ ಕಟ್ಟಿ ಗುದ್ದಿದ, ಇವಳ ದವಡೆ ಪಕ್ಕಕ್ಕೆ ಹೋಯ್ತು. ಮೇಜು ಉರುಳಿ, ನಕ್ಷೆ ಮೇಲೆಲ್ಲ ರಕ್ತ, ಕಾಫಿ. ಕರ್ಟಿಸ್ ಕುರ್ಚಿ ಹಿಂದಿಂದ ತಲೆ ಎತ್ತಿ, "ಅಮ್ಮಾ... ನಿಮಗೇನಾದ್ರೂ ತಕರಾರು...?" ಅಂದ.

"ಇದೆ," ಅಂದ್ಲು. ಆ ನೆಲಮಾಳಿಗೇಲಿ ಆ ಮಾತು ಯಾರೂ ಆಡಿರಲಿಲ್ಲ. ಮೂಲೇಲಿದ್ದ ಓಲೆ ಅನ್ನೋ ಮುದುಕ ಲೋಟ ಕೆಳಗಿಟ್ಟು, "ನಂಗೂ ಇದೆ," ಅಂದ. ಆಮೇಲೆ ಒಬ್ಬೊಬ್ಬರೇ.

ಪೊಲೀಸಿನೋನು ಆರ್ಡಿಸಳ ಕೈಗೆ ಹಾಕೋಕೆ ಬೇಡಿ ತಂದ.

"ಹಸು ಆಚೆ ಇವೆ. ಮೊದಲು ಹಾಲು ಕರೀಬೇಕು," ಅಂದ್ಲು ಆರ್ಡಿಸ್.

ಅವನೂ ಆ ಕಣಿವೆಯೋನೇ, ಬೇಡಿ ಜೇಬಿಗಿಟ್ಕೊಂಡ. ಊರೆಲ್ಲ ಹೋಗಿ ವರ್ನ್‌ನ ಬೇಲಿ ಕಿತ್ತುಹಾಕಿದ್ರು. ಸತ್ತ ಹಸೂನ ಸುತ್ತು ಹಾಕ್ಕೊಂಡು ಉಳಿದವು ದಾಟಿದ್ವು. ಹಸು ದಾಟೋಕೆ ಬೇಲೀಲಿ ಎಷ್ಟಗಲ ಜಾಗ ಬಿಡಬೇಕು ಅಂತ ಕರ್ಟಿಸ್ ಸಗಣೀಲಿ ನಿಂತು ನೋಡ್ಕೊಂಡ. ಬಾತ ದವಡೆಗೆ ಬಟ್ಟೆ ಕಟ್ಕೊಂಡು ಆರ್ಡಿಸ್ ಕೊನೇ ಹಸು ತನಕ ಹಾಲು ಕರೆದ್ಲು, ಆಮೇಲೆ ಕೈ ತೊಳ್ಕೊಂಡು ಪೊಲೀಸಿನೋನ ಮುಂದೆ ಚಾಚಿದ್ಲು.