ಮೂರನೆಯ ಬಡಿತ

ಲಾಜಾರ್ ನೆಟ್ಟರ್ ನನ್ನ ಪಕ್ಕದ ಮನೆಯವನು. ಒಂದೇ ಶಾಲೆಗೆ ಹೋದವರು ನಾವು. ಯುದ್ಧ ಮುಗಿದು ಊರಿಗೆ ಮರಳಿದ ಮೇಲೆ ಹದಿನೇಳು ವರ್ಷ ಒಂದೇ ಗೋಡೆಯ ಆಚೆ ಈಚೆ ಬದುಕಿದೆವು. ಅವನು ಕೆಮ್ಮಿದರೆ ನನಗೆ ಕೇಳಿಸುತ್ತಿತ್ತು, ನಾನು ಬೆಕ್ಕನ್ನು ಬೈದರೆ ಅವನಿಗೆ. ಆದರೂ ಆ ಮನೆಯೊಳಗೆ ನಾನು ಕಾಲಿಟ್ಟದ್ದು ಎರಡೇ ಸಲ.

ಅವನ ಕೆಲಸ ಕಿಟಕಿ ಬಡಿಯುವುದು. ನಗಬೇಡಿ. ಅಲ್ಸಾಸಿನ ನಮ್ಮ ಯಹೂದಿ ಹಳ್ಳಿಗಳಲ್ಲಿ ಅದೊಂದು ಹುದ್ದೆ. ಅವನ ಅಪ್ಪನೂ ಅಜ್ಜನೂ ಅದನ್ನೇ ಮಾಡಿದವರು. ಬೆಳಗಿನ ಪ್ರಾರ್ಥನೆಗೆ ಮುಂಚೆ ಮರದ ಕೊಡತಿ ಹಿಡಿದು ನಮ್ಮವರ ಒಂದೊಂದು ಮನೆಯ ಕಿಟಕಿಗೂ ಮೂರು ಪೆಟ್ಟು. ಏಳಿ, ಸಿನಗಾಗಿಗೆ ಬನ್ನಿ ಎಂದು ಅರ್ಥ. ಯಾರಾದರೂ ತೀರಿಕೊಂಡಿದ್ದರೆ ಎರಡೇ ಪೆಟ್ಟು. ಮೂರನೆಯದು ಬಾರದಿದ್ದರೆ ಒಳಗಿದ್ದವರು ಕೈಲಿದ್ದದ್ದನ್ನು ಅಲ್ಲೇ ಬಿಟ್ಟು ಸಿನಗಾಗಿಗೆ ಓಡಬೇಕು. ಹಾಗಾಗಿ ಬೆಳಗ್ಗೆ ಹಾಸಿಗೆಯಲ್ಲಿ ಎಲ್ಲರೂ ಮೂರನೆಯ ಪೆಟ್ಟಿಗೆ ಕಿವಿಗೊಟ್ಟು ಕಾಯುತ್ತಿದ್ದರು. ಅದು ಬಿದ್ದ ಮೇಲೆ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಿದ್ದರು. ನಮ್ಮ ಭಕ್ತಿ ಅಷ್ಟರಲ್ಲೇ ಇತ್ತು.

ಯುದ್ಧಕ್ಕೆ ಮುಂಚೆ ನಲವತ್ತೊಂದು ಕಿಟಕಿಗಳಿದ್ದವು. ಮರಳಿದಾಗ ಹದಿನಾಲ್ಕು. ಉಳಿದ ಮನೆಗಳಿಗೆ ಬೇರೆಯವರು ಬಂದಿದ್ದರು. ಅಂಥ ಕಿಟಕಿಗಳ ಮುಂದೆಯೂ ಲಾಜಾರ್ ನಿಂತು ಕೊಡತಿ ಎತ್ತುತ್ತಿದ್ದ, ಬಡಿಯದೆ ಇಳಿಸುತ್ತಿದ್ದ.

"ಅಲ್ಯಾಕೆ ನಿಲ್ತೀಯ? ಅಲ್ಲೀಗ ಪೋಸ್ಟ್‌ಮ್ಯಾನ್ ಇರೋದು," ಎಂದೆ ಒಮ್ಮೆ.

"ಕಾಲು ನಿಲ್ಲುತ್ತೆ, ಮೆಲಾನಿ. ಕಾಲಿಗೆ ಯಾರು ಹೇಳ್ಬೇಕು?"

ಅವನ ಹೆಂಡತಿ ಬೆರ್ತಾ ಯುದ್ಧದ ಕಾಲದ ಒಂದು ಡಿಸೆಂಬರಿನಲ್ಲಿ ಸತ್ತಳು. ಅವರಿಬ್ಬರೂ ಆಗ ಪೆರಿಗೋರ್ ಕಡೆಯ ಹಳ್ಳಿಯೊಂದರಲ್ಲಿ ತಲೆಮರೆಸಿಕೊಂಡಿದ್ದರು. ಸತ್ತವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆಗೆ ನಮ್ಮವರೇ ಹತ್ತು ಗಂಡಸರು ಸೇರಬೇಕು. ಆ ಗುಂಡಿಯ ಪಕ್ಕದಲ್ಲಿ ಇದ್ದವರು ಲಾಜಾರ್ ಮತ್ತು ಗುಂಡಿ ತೋಡಿದ ರೈತ. ಲಾಜಾರ್ ಕದ್ದಿಶ್ ಇಲ್ಲದೆಯೇ ಅವಳನ್ನು ಮಣ್ಣು ಮಾಡಿದ. ಮಕ್ಕಳಿಲ್ಲ. ವರ್ಷಕ್ಕೊಮ್ಮೆ ಅವಳ ತಿಥಿಯ ದಿನವಾದರೂ ಅದನ್ನು ಹೇಳಬೇಕು ಎಂಬುದೊಂದೇ ಅವನಿಗೆ ಉಳಿದಿದ್ದ ಆಸೆ.

ಶನಿವಾರ ನಮ್ಮ ವಾರದ ಪವಿತ್ರ ದಿನ, ತೊಂದರೆಯಿಲ್ಲ, ಅಂದು ಕೊಡತಿಯೇ ಬೇಡ. ಗಂಡಸರು ಟೋಪಿ ಸರಿಮಾಡಿಕೊಂಡು ತಾವೇ ಬರುತ್ತಾರೆ. ವಾರದ ದಿನ ಬರುವವರು ನಾಲ್ವರು, ಹೆಚ್ಚೆಂದರೆ ಐವರು. ಊರಿಗೆ ಮರಳಿದ ಮೇಲಿನ ಹನ್ನೊಂದು ವರ್ಷದಲ್ಲಿ ತಿಥಿ ಶನಿವಾರ ಬಿದ್ದದ್ದು ಒಂದೇ ಸಲ.

"ಬಾಯಿ ಬಿಟ್ಟು ಹೇಳೋ, ಬೆರ್ತಾ ತಿಥಿ ಅಂತ. ಬರ್ತಾರೆ," ಎನ್ನುತ್ತಿದ್ದೆ ನಾನು.

"ಕರೆಯೋದು ನನ್ನ ಕೆಲಸ, ಬೇಡೋದಲ್ಲ."

ಹಠಮಾರಿ. ಅವನು ಹೇಳದಿದ್ದರೆ ನಾನು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಅಂಗಡಿ, ನನ್ನ ಮೊಣಕಾಲು ನೋವು ನನಗೆ ದೊಡ್ಡದಾಗಿತ್ತು. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ಹನ್ನೆರಡನೆಯ ವರ್ಷ ತಿಥಿ ಮಂಗಳವಾರ ಬಿತ್ತು, ದನದ ಸಂತೆಯ ದಿನ. ನಮ್ಮ ಗಂಡಸರಲ್ಲಿ ಮುಕ್ಕಾಲು ಪಾಲು ದನದ ವ್ಯಾಪಾರಿಗಳೇ. ಅಂದು ಸಿನಗಾಗಿನ ಕಡೆ ತಲೆ ಹಾಕುವವರು ಯಾರು? ನಾನು ಕಾಫಿ ಸೋಸುತ್ತಿದ್ದೆ. ಕಿಟಕಿಗೆ ಟಕ್, ಟಕ್. ಆಮೇಲೆ ಏನೂ ಇಲ್ಲ.

ಶಾಲು ಎಳೆದುಕೊಂಡು ಓಡಿದೆ. ಸಿನಗಾಗಿನ ಮುಂದೆ ಆಗಲೇ ಜನ ಸೇರಿದ್ದರು. ದೊಡ್ಡ ವ್ಯಾಪಾರಿ ಗಾಸ್ತೋನ್ ಶ್ವೋಬ್ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಮನೆಯ ಚಪ್ಪಲಿ ಹಾಕಿಕೊಂಡು ಏದುಸಿರು ಬಿಡುತ್ತಿದ್ದ. ಲಾಜಾರ್ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದ. ಜನರನ್ನು ಎಣಿಸಿದರೆ ದೃಷ್ಟಿ ತಾಗುತ್ತದೆಂದು ನಾವು 'ಅಲ್ಲ' ಸೇರಿಸಿ ಎಣಿಸುವುದು.

"ಎಂಟಲ್ಲ, ಒಂಬತ್ತಲ್ಲ, ಹತ್ತಲ್ಲ, ಹನ್ನೊಂದಲ್ಲ."

"ಲಾಜಾರ್, ಯಾರೋ ಹೋದದ್ದು?" ಗಾಸ್ತೋನ್ ಕೂಗಿದ.

"ಬೆರ್ತಾ."

"ಯಾವ ಬೆರ್ತಾ?"

"ನನ್ನ ಬೆರ್ತಾ."

"ಅಯ್ಯೋ ನಿನ್ನ! ಅವಳು ಹೋಗಿ ಹದಿಮೂರು ವರ್ಷ ಆಯ್ತಲ್ಲೋ!"

"ಹೌದು. ಇವತ್ತಿಗೆ."

ಯಾರೋ ಬೈದರು. ಗಾಸ್ತೋನನ ಮುಖ ಕೆಂಪಗಾಯಿತು. "ಸಾವಿನ ಹೆಸರಲ್ಲಿ ಸುಳ್ಳು ಹೇಳಿ ಕರೀತೀಯಾ? ಥೂ!"

"ಹನ್ನೊಂದು ವರ್ಷ ಮೂರು ಬಡಿದು ಕರೆದೆ. ಬಂದ್ರಾ?"

ಗಾಸ್ತೋನ್ ತನ್ನ ಚಪ್ಪಲಿ ಕಾಲನ್ನು ನೋಡಿಕೊಂಡ. ಆಮೇಲೆ ಒಳಗೆ ಹೋಗಿ ತನ್ನ ಜಾಗದಲ್ಲಿ ಕೂತ. ಉಳಿದವರೂ ಹಿಂದೆಯೇ ಹೋದರು. ನಾನು ಹೆಂಗಸರ ಅಟ್ಟಕ್ಕೆ ಹತ್ತಿದೆ, ಅಲ್ಲಿ ನಾನೊಬ್ಬಳೇ. ಲಾಜಾರ್ ಕದ್ದಿಶ್ ಹೇಳುವಾಗ ನಡುವೆ ನಿಂತುಬಿಟ್ಟ, ಮರೆತು ಅಲ್ಲ. ಕೆಳಗೆ ಅವರೆಲ್ಲ ಅವನು ಮುಂದುವರಿಸುವ ತನಕ ತಲೆ ತಗ್ಗಿಸಿ ಕಾದರು. ದನಗಳು ಸಂತೆಯಲ್ಲಿ ಕಾಯುತ್ತಿದ್ದವು, ಕಾಯಲಿ.

ಮಧ್ಯಾಹ್ನ ಒಂದು ತುಂಡು ಸೇಬಿನ ಕೇಕ್ ಹಿಡಿದು ಅವನ ಮನೆಗೆ ಹೋದೆ. ಅದು ಮೊದಲ ಸಲ. ಒಂದು ಮೇಜು, ಒಂದು ಲೋಟ. ಕುರ್ಚಿಯನ್ನು ಒಲೆಯ ಹತ್ತಿರ ಹಾಕಿರಲಿಲ್ಲ. ನನ್ನ ಮನೆಯ ಗೋಡೆಗೆ ಒತ್ತಿ ಹಾಕಿದ್ದ.

"ಅಲ್ಲಿ ಥಂಡಿ ಹೊಡೆಯಲ್ವೇನೋ?"

"ಹೊಡೆಯುತ್ತೆ. ಆದ್ರೆ ನೀನು ಬೆಕ್ಕನ್ನ ಬೈಯೋದು ಕೇಳಿಸುತ್ತೆ. ಮನೇಲಿ ಯಾರೋ ಇದ್ದ ಹಾಗಿರುತ್ತೆ."

ಅಂದಿನಿಂದ ನಾನು ಬೆಕ್ಕನ್ನು ಗಟ್ಟಿಯಾಗಿ ಬೈಯತೊಡಗಿದೆ. ಪಾಪ, ಆ ಪ್ರಾಣಿ ತಪ್ಪಿಲ್ಲದೆಯೂ ಬೈಸಿಕೊಂಡಿತು.

ಬೆರ್ತಾಳ ತಿಥಿಗೆ ಆಮೇಲೆ ಯಾರೂ ಕರೆಯಬೇಕಾಗಲಿಲ್ಲ. ಗಾಸ್ತೋನನೇ ಹತ್ತು ಜನರನ್ನು ಕತ್ತು ಹಿಡಿದು ತರುತ್ತಿದ್ದ. ಉಳಿದ ದಿನ ಮತ್ತೆ ಅದೇ ನಾಲ್ವರು. ಆದರೆ ಊರಿಗೊಂದು ತಮಾಷೆ ಸಿಕ್ಕಿತ್ತು. ಲಾಜಾರ್ ಬಡಿಯುವಾಗ ಒಳಗಿನಿಂದ ಜನ ಲೆಕ್ಕ ಹೇಳುತ್ತಿದ್ದರು: "ಒಂದು! ಎರಡು!" ಮೂರನೆಯದು ಬಿದ್ದಾಗ, "ಸದ್ಯ, ಇದ್ದೀವಿ!" ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಗಾಸ್ತೋನ್. ಅದನ್ನು ಕೇಳಿಯೇ ಲಾಜಾರ್ ಮುಂದಿನ ಕಿಟಕಿಗೆ ಹೋಗುತ್ತಿದ್ದ. ನಗುತ್ತಿದ್ದನೋ ಇಲ್ಲವೋ, ಮಬ್ಬು ಬೆಳಕಲ್ಲಿ ನನಗೆ ಕಾಣುತ್ತಿರಲಿಲ್ಲ.

ಹೀಗೆ ಆರು ವರ್ಷ ಕಳೆದವು. ಏಪ್ರಿಲಿನಲ್ಲಿ ನಮ್ಮ ಪಾಸ್ಕ ಹಬ್ಬ ಮುಗಿದ ಮರುವಾರ ಒಂದು ಬೆಳಗ್ಗೆ ನನ್ನ ಕಿಟಕಿಗೆ ಪೆಟ್ಟು ಬೀಳಲಿಲ್ಲ. ಕೆಮ್ಮು ಕೇಳೀತೆಂದು ಗೋಡೆಗೆ ಕಿವಿಯಿಟ್ಟೆ. ಬೆಕ್ಕನ್ನು ಬೈದೆ, ಇನ್ನೂ ಗಟ್ಟಿಯಾಗಿ ಬೈದೆ. ಊರನ್ನೆಲ್ಲ ಎಬ್ಬಿಸುವವನ ಕಿಟಕಿಗೆ ಬಡಿಯಲು ಯಾರನ್ನೂ ನೇಮಿಸಿರಲಿಲ್ಲ ನಾವು.

ಬಾಗಿಲು ತಳ್ಳಿದರೆ ತೆರೆದುಕೊಂಡಿತು. ಲಾಜಾರ್ ಆ ಕುರ್ಚಿಯಲ್ಲೇ ಇದ್ದ, ಗೋಡೆಗೆ ತಲೆ ಆನಿಸಿ. ಕೋಟು ಹಾಕಿದ್ದ, ಬೂಟಿನ ದಾರ ಕಟ್ಟಿದ್ದ, ಕೊಡತಿ ತೊಡೆಯ ಮೇಲಿತ್ತು. ಕೈ ತಣ್ಣಗಾಗಿತ್ತು. ನಾನು ಅತ್ತೆ. ಅತ್ತು, ಮುಖ ಒರೆಸಿಕೊಂಡು, ಕೊಡತಿಯನ್ನು ಎತ್ತಿಕೊಂಡೆ. ಹೆಂಗಸು ಅದನ್ನು ಹಿಡಿಯಬಹುದೋ ಬಾರದೋ, ಕೇಳಲು ಅಲ್ಲಿ ಯಾರಿದ್ದರು?

ಮೊದಲು ಗಾಸ್ತೋನನ ಕಿಟಕಿಗೆ ಹೋದೆ. ಎರಡು ಬಡಿದೆ.

ಒಳಗಿನಿಂದ ನಗು ಕೇಳಿಸಿತು. "ಇವತ್ಯಾಕೋ ಇಷ್ಟು ತಡ? ಇನ್ನೊಂದು ಬಾಕಿ ಇದೆ, ಲಾಜಾರ್! ಬೆರ್ತಾ ತಿಥಿಗೆ ಇನ್ನೂ ಎಂಟು ತಿಂಗಳಿದೆ ಕಣೋ. ಈ ಸಲ ನಾನು ಮೋಸಹೋಗಲ್ಲ. ಬಡಿ ಮೂರನೇದು!"

ನಾನು ಕೊಡತಿಯನ್ನು ಎದೆಗೆ ಒತ್ತಿಕೊಂಡು ನಿಂತೆ. ಒಳಗೂ ಸದ್ದು ನಿಂತಿತು.

"ಬಡಿಯೋ, ಮಾರಾಯ," ಎಂದ ಗಾಸ್ತೋನ್ ಮತ್ತೆ. ಈ ಸಲ ಅವನು ನಗುತ್ತಿರಲಿಲ್ಲ.