ಕರಿಬೇವಿನ ಚಕ್ರವರ್ತಿಯ ತಪ್ಪೊಪ್ಪಿಗೆ

ಅಮೆರಿಕದ ಸ್ಟರ್ಲಿಂಗ್ ಊರಿನ ಕರಿಬೇವು ಸಾಮ್ರಾಜ್ಯಕ್ಕೆ ಏಕೈಕ ಚಕ್ರವರ್ತಿ ಧಾರವಾಡದ ಇಂಜಿನಿಯರ್ ಶಿವಬಸಪ್ಪ. ಚಳಿ ಶುರುವಾಯಿತೆಂದರೆ ಅವರ ಇಪ್ಪತ್ತೆರಡು ಕುಂಡಗಳು ಪಟ್ಟದಾನೆಗಳಂತೆ ಮೆರವಣಿಗೆಯಲ್ಲಿ ಗ್ಯಾರೇಜು ಸೇರುತ್ತಿದ್ದವು. ಕಾರು ಹಿಮದಲ್ಲಿ ನಿಲ್ಲುತ್ತಿತ್ತು. ಗೊಬ್ಬರವೂ ಸ್ವಂತ ತಯಾರಿಕೆ. ಅದರ ವಾಸನೆಗೆ ಹೆದರಿ ಅಂಚೆಯವನು ಪಾರ್ಸೆಲ್ಲನ್ನು ರಸ್ತೆಯಿಂದಲೇ ಎಸೆಯುತ್ತಾನೆಂದು ನಾವು ನೆರೆಹೊರೆಯವರು ಆಡಿಕೊಳ್ಳುತ್ತಿದ್ದೆವು.

2022ರ ಕೊನೆಯಲ್ಲಿ ಪಕ್ಕದ ಮನೆಯ ಕಾತ್ಯಾಯಿನಿಯ ಏಳು ವರ್ಷದ ಮಗಳು ಮೈಥಿಲಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದಾಗ, ಚಕ್ರವರ್ತಿಗಳು ತಮ್ಮ ಅತ್ಯುತ್ತಮ ಕುಂಡವನ್ನೇ ಹೊತ್ತು ನಡೆದರು.

"ಅಂಕಲ್, ಹಾಸ್ಪಿಟಲ್‌ನವರು ಪ್ಲಾಂಟ್ಸ್ ಅವಾಯ್ಡ್ ಮಾಡಿ ಅಂದಿದ್ದಾರೆ," ಎಂದು ಕಾತ್ಯಾಯಿನಿ ಫ್ರಿಜ್ಜಿಗೆ ಅಂಟಿಸಿದ್ದ ಪಟ್ಟಿ ತೋರಿಸಿದಳು.

"ಅದು ಶೋಕಿ ಗಿಡದ ಮಾತು ಬಿಡವಾ. ಇದು ಒಗ್ಗರಣಿ!"

ಹಿರಿಯರ ಮಾತು ಮೀರಲಾಗದೆ ಅವಳು ದಾರಿ ಬಿಟ್ಟಳು. ಕುಂಡಕ್ಕೆ ಮಗುವಿನ ಕಿಟಕಿಯಲ್ಲಿ ಪಟ್ಟಾಭಿಷೇಕವಾಯಿತು. ಮೈಥಿಲಿ ಗಿಡಕ್ಕೆ 'ಪುಟ್ಟಿ' ಎಂದು ಹೆಸರಿಟ್ಟು, ದಿನವೂ ಮಣ್ಣು ಕೆದಕಿ ನೀರು ಹಾಕಿದಳು.

ಮೂರನೆಯ ವಾರ ಜ್ವರ ಬಂತು, ಆ್ಯಂಟಿಬಯಾಟಿಕ್‌ಗೆ ಜಗ್ಗಲಿಲ್ಲ. ಸ್ಕ್ಯಾನಿನಲ್ಲಿ ಕಂಡದ್ದು ಶ್ವಾಸಕೋಶದಲ್ಲಿ ಬೂಷ್ಟು. ಮಣ್ಣು, ಗೊಬ್ಬರ, ಗಾಳಿಯಲ್ಲೆಲ್ಲ ಇರುವಂಥದೇ. ನಮ್ಮಂಥವರನ್ನು ಅದು ಮುಟ್ಟದು; ಕೀಮೋದಿಂದ ಬಿಳಿ ರಕ್ತಕಣ ಕುಸಿದ ಮಗುವನ್ನು ಬಿಡದು. ರಕ್ತನಾಳಕ್ಕೆ ಬೂಷ್ಟಿನ ಔಷಧ ಹರಿಯತೊಡಗಿತು, ಕೀಮೋ ನಿಂತಿತು. ಅದು ಹೆಚ್ಚು ದಿನ ನಿಂತರೆ ಕ್ಯಾನ್ಸರ್ ಮತ್ತೆ ತಲೆಯೆತ್ತಬಹುದು.

ಶಿವಬಸಪ್ಪ ಆಸ್ಪತ್ರೆಗೆ ಧಾವಿಸಿ, ವೈದ್ಯೆಯನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿ, ಕುಂಡದ ಅಳತೆ, ಗೊಬ್ಬರದ ಪಾಕವಿಧಾನ ಸಮೇತ ತಪ್ಪೊಪ್ಪಿಕೊಂಡರು. ಬೂಷ್ಟು ಎಲ್ಲಿಂದ ಬಂತೆಂದು ಯಾರೂ ಹೇಳಲಾರರು ಎಂದರು ಆಕೆ. ಆದರೂ ಕುಂಡ ಕೊಡಬಾರದಿತ್ತು ಎಂದೂ ಸೇರಿಸಿದರು. ಗಲ್ಲಿಗೇರಲು ಸಿದ್ಧರಾಗಿ ಹೋದವರಿಗೆ ಶಿಕ್ಷೆಯೂ ಸಿಗಲಿಲ್ಲ, ಬಿಡುಗಡೆಯೂ ಸಿಗಲಿಲ್ಲ.

ಮನೆಗೆ ಬಂದವರೇ ಇಪ್ಪತ್ತೊಂದು ಗಿಡಗಳನ್ನು ಜನವರಿಯ ಹಿಮಕ್ಕೆ ದೂಡಿದರು. ಕಾತ್ಯಾಯಿನಿ ಹಿಂದಿರುಗಿಸಿದ್ದ ಪುಟ್ಟಿಯ ಕುತ್ತಿಗೆಗೆ ಕೈ ಹಾಕಿದಾಗ ಫೋನು ಬಡಿದುಕೊಂಡಿತು. ತೆರೆಯ ಮೇಲೆ ಬೋಳು ತಲೆಯ ಪುಟ್ಟ ಮುಖ.

"ಅಜ್ಜಾ, ಪುಟ್ಟಿ ಓಕೆ ಇದ್ಯಾ?"

"ಆರಾಮ ಐತವಾ."

"ಯೂ ವಾಟರ್ ಮಾಡ್ಬೇಕು. ಎವ್ರಿ ಡೇ. ಪ್ರಾಮಿಸ್?"

"ಪ್ರಾಮಿಸ್," ಎಂದರು ಚಕ್ರವರ್ತಿಗಳು, ಪುಟ್ಟಿಯ ಕುತ್ತಿಗೆಯಿಂದ ಕೈ ತೆಗೆದು.

ಮೂರು ವಾರಕ್ಕೆ ಬೂಷ್ಟು ಕುಗ್ಗಿತು, ಕೀಮೋ ಮುಂದುವರಿಯಿತು. ಮೈಥಿಲಿ ಈಗ ಶಾಲೆಗೆ ಹೋಗುತ್ತಾಳೆ. ಶಿವಬಸಪ್ಪನವರ ಸಾರಿಗೆ ಮಾತ್ರ ಇಂದಿಗೂ ಕರಿಬೇವು ಬೀಳುವುದಿಲ್ಲ. ದಿನವೂ ಮಾಸ್ಕ್ ಏರಿಸಿ ಗ್ಯಾರೇಜಿಗೆ ಇಳಿದು, ಮುಖ ಆಚೆ ತಿರುಗಿಸಿಕೊಂಡೇ ಪುಟ್ಟಿಗೆ ನೀರು ಹಾಕುತ್ತಾರೆ. ಅದೋ, ನಾಚಿಕೆಯೇ ಇಲ್ಲದೆ ಚಿಗುರುತ್ತದೆ.